ನಜರ್ ಮಣಿ ಇಸ್ತಾಂಬುಲ್ ಬಜಾರ್‌ನಲ್ಲೇ ಕೊಳ್ಳಬಹುದಾ, ಅಥವಾ ಮಾಡುವ ಜಾಗಕ್ಕೇ ಹೋದರೆ ಅಗ್ಗವಾ?

ಅಗ್ಗಕ್ಕೆ ಅಂತ ಆದರೆ ಹೋಗಲೇಬೇಡಿ. ದೃಷ್ಟಿ ತಗಲದಿರಲಿ ಅಂತ ಕಟ್ಟುವ ಈ ನೀಲಿ ಕಣ್ಣಿನ ಗಾಜಿನ ಮಣಿ ಇಸ್ತಾಂಬುಲ್‌ನಲ್ಲಿ ಗಲ್ಲಿಗಲ್ಲಿಗೂ ಸಿಗುತ್ತದೆ. ಅಷ್ಟು ದೂರದ ಬಸ್ ಚಾರ್ಜ್ ಸೇರಿಸಿದರೆ ಯಾವ ಉಳಿತಾಯವೂ ಇಲ್ಲ. ಇದೇ ಲೆಕ್ಕ ಹಾಕಿಕೊಂಡು ನಾನೂ ಹೋಗಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಹೋಗಿದ್ದು ಪಶ್ಚಿಮ ಟರ್ಕಿಯ ಇಜ್ಮಿರ್ ನಗರದ ಹತ್ತಿರದ ನಜರ್‌ಕೊಯ್‌ಗೆ. ಮೊದಲು ಕುರುದೆರೆ ಅಂತಿದ್ದ ಹಳ್ಳಿ, ಈ ಮಣಿಯಿಂದಲೇ ಹೆಸರು ಬದಲಾಯಿತು. ತಗ್ಗು ಶೆಡ್ಡು, ನಡುವೆ ಗುಮ್ಮಟದಂಥ ಮಣ್ಣಿನ ಕುಲುಮೆ, ಸುತ್ತ ಸಣ್ಣ ಬಾಯಿಗಳು. ಒಂದೊಂದು ಬಾಯಿಗೆ ಒಬ್ಬೊಬ್ಬ ಉಸ್ತಾದ. ಉರಿಯುವುದು ಪೈನ್ ಸೌದೆ, ಕರಗುವುದು ಹೆಚ್ಚಾಗಿ ಒಡೆದ ಬಾಟಲಿ ಗಾಜು. ಕಡುನೀಲಿ ಬರುವುದು ಕೋಬಾಲ್ಟ್‌ನಿಂದ. ಉಸ್ತಾದ ಕಬ್ಬಿಣದ ಸಲಾಕೆಗೆ ನೀಲಿ ಗಾಜು ಸುತ್ತಿ ತಿರುಗಿಸುತ್ತಲೇ ಇರುತ್ತಾನೆ, ನಿಲ್ಲಿಸಿದರೆ ಗಾಜು ಜೋತುಬೀಳುತ್ತದೆ. ಇನ್ನೊಂದು ತೆಳು ಸಲಾಕೆಯಿಂದ ಬಿಳಿ ಚುಕ್ಕೆ, ಅದರ ಮೇಲೆ ತಿಳಿನೀಲಿ, ಕೊನೆಗೆ ಕಪ್ಪು. ನೋಡನೋಡುತ್ತಲೇ ಕಣ್ಣು ಬಿಟ್ಟುಕೊಳ್ಳುತ್ತದೆ.

ಆಮೇಲೆ ಮಣಿಯನ್ನು ಕುಲುಮೆ ಪಕ್ಕದ ಬಿಸಿ ಗೂಡಿಗೆ ಬೀಳಿಸುತ್ತಾರೆ. ನಾನು ಎಡವಿದ್ದು ಇಲ್ಲೇ. ನನ್ನ ಕಣ್ಣೆದುರು ಮಾಡಿದ್ದೇ ಬೇಕು, ಅದೂ ಈಗಲೇ ಅಂತ ಹಟ ಹಿಡಿದೆ. ಉಸ್ತಾದ ತಲೆ ಅಲ್ಲಾಡಿಸಿದ. ನಾನು ಬಿಡಲಿಲ್ಲ. ಕೊನೆಗೆ ಸಾಕಾಗಿ ಒಂದನ್ನು ಇಟ್ಟಿಗೆ ಮೇಲೆ ಆರಲು ಬಿಟ್ಟು ಕೊಟ್ಟ. ಮುಟ್ಟಿದರೆ ತಣ್ಣಗಿತ್ತು, ಸರಿಯಾಯ್ತು ಅಂದುಕೊಂಡೆ. ಗಾಜು ಹಾಗಲ್ಲ. ಹೊರಗಿನ ಪದರ ಬೇಗ ಆರಿ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಬಿಸಿ. ಆಮೇಲೆ ಒಳಗಿನದು ಕುಗ್ಗಲು ಹೊರಟರೆ ಹೊರಗಿನದು ಬಗ್ಗುವುದಿಲ್ಲ, ಆ ಸೆಳೆತ ಅಲ್ಲೇ ಉಳಿಯುತ್ತದೆ. ಬಣ್ಣ ಬಣ್ಣದ ಗಾಜು ಒಂದೇ ಸಮ ಕುಗ್ಗುವುದೂ ಇಲ್ಲ. ಗೂಡು ಇರುವುದು ನಿಧಾನವಾಗಿ ಆರಿಸಿ ಈ ಸೆಳೆತ ಕಳೆಯುವುದಕ್ಕೇ. ನನ್ನ ಮಣಿ ರಾತ್ರಿ ಹೋಟೆಲ್ ಮೇಜಿನ ಮೇಲೆ, ಯಾರೂ ಮುಟ್ಟದೆ, ಟಕ್ ಅಂತ ಎರಡಾಯಿತು.

ಹೋಟೆಲಿನವರಿಗೆ ಖುಷಿಯೋ ಖುಷಿ. ಮಣಿ ಒಡೆದರೆ ನಮ್ಮ ಮೇಲಿನ ಕೆಟ್ಟ ಕಣ್ಣನ್ನು ಅದೇ ತಗೊಂಡಿತು ಅಂತ ಅಲ್ಲಿನ ನಂಬಿಕೆ. ಅಮ್ಮನಿಗೆ ಫೋನ್ ಮಾಡಿದರೆ ಅವಳದ್ದೂ ಅದೇ ಮಾತು, ‘ದೃಷ್ಟಿ ಹೋಯ್ತು ಬಿಡು’. ದೃಷ್ಟಿಯೂ ಇಲ್ಲ, ಮಣ್ಣೂ ಇಲ್ಲ. ಸುಮ್ನೆ ನನ್ನ ಅವಸರ.

ಹಾಗಾಗಿ ಹೋದರೆ ಕೆಲಸ ನೋಡಲು ಹೋಗಿ. ಬೆಳಿಗ್ಗೆಯೇ ಹೋಗಿ, ಬೇಸಿಗೆ ಮಧ್ಯಾಹ್ನ ಆ ಶೆಡ್ಡಿನಲ್ಲಿ ನಿಲ್ಲಲಾಗುವುದಿಲ್ಲ. ಒಬ್ಬನೇ ಉಸ್ತಾದನ ಹತ್ತಿರ ಕೂತು ನೋಡಿ. ಕೊಳ್ಳುವುದಾದರೆ ಗೂಡಿನಲ್ಲಿ ಪೂರ್ತಿ ಆರಿದ್ದನ್ನೇ ಕೊಳ್ಳಿ. ಕಣ್ಣು ಸ್ವಲ್ಪ ಓರೆ, ಒಳಗೆ ಗುಳ್ಳೆ, ಒಂದರಂತೆ ಇನ್ನೊಂದಿಲ್ಲ ಅಂದರೆ ಕೈಯಲ್ಲಿ ಮಾಡಿದ್ದು. ಎಲ್ಲವೂ ತದ್ರೂಪು ಇದ್ದರೆ ಅದೇ ಮಾಲು ಬಜಾರ್‌ನಲ್ಲೂ ಇದೆ. ಇಜ್ಮಿರ್‌ನಲ್ಲಿ ಸಮಯ ಕಡಿಮೆ ಇದ್ದರೆ ಗೊರೆಜೆ ನೋಡಿ. ಅದೂ ಮಣಿ ಮಾಡುವ ಹಳೇ ಊರೇ, ವಿಮಾನ ನಿಲ್ದಾಣಕ್ಕೆ ಹತ್ತಿರ.