ಏರ್ ತೆಗೆಸಿದ ಮೇಲೂ ಮುಂದಿನ ಡಿಸ್ಕ್ ಬ್ರೇಕ್ ಮೆತ್ತಗೇ ಇದ್ದರೆ

ನಿಮ್ಮ 2008ರ ಪಲ್ಸರ್ 150ರ ಮುಂದಿನ ಬ್ರೇಕ್ ಲಿವರ್ ಹಿಡಿಯವರೆಗೂ ಬರುತ್ತದೆ, ಪ್ಯಾಡ್ ಹೊಸದು, ಹೊರಗೆಲ್ಲೂ ಆಯಿಲ್ ಸೋರುತ್ತಿಲ್ಲ, ಗ್ಯಾರೇಜಿನಲ್ಲಿ ಎರಡು ಸಲ ಬ್ರೇಕ್ ಪೈಪಿನೊಳಗಿನ ಏರ್ ತೆಗೆಸಿದರೂ ಸುಧಾರಿಸಿಲ್ಲ, ಈಗ ಕ್ಯಾಲಿಪರನ್ನೇ, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗವನ್ನೇ, ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಕ್ಯಾಲಿಪರಿಗೆ ಸದ್ಯಕ್ಕೆ ಹಣ ಹಾಕಬೇಡಿ. ಪ್ರಶ್ನೆಯ ಕೊನೆಯಲ್ಲಿ ನೀವು ಹೇಳಿರುವ ಒಂದು ಸಂಗತಿ ಮಿಕ್ಕೆಲ್ಲಕ್ಕಿಂತ ಮುಖ್ಯವಾದದ್ದು: ಸಿಗ್ನಲ್‌ನಲ್ಲಿ ಲಿವರ್ ಒತ್ತಿ ಹಿಡಿದು ನಿಂತಾಗ ಅದು ನಿಧಾನವಾಗಿ ಒಳಕ್ಕೆ ಇಳಿಯುತ್ತ ಹೋಗುತ್ತದೆ. ಹೊರಗೆ ಒಂದು ಹನಿಯೂ ಸೋರದೆ ಲಿವರ್ ಹೀಗೆ ಇಳಿಯುತ್ತಿದ್ದರೆ ದೋಷವನ್ನು ಮೊದಲು ಹ್ಯಾಂಡಲ್ ಮೇಲಿರುವ, ಲಿವರ್ ಒತ್ತಿದಾಗ ಆಯಿಲನ್ನು ಕ್ಯಾಲಿಪರಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಹುಡುಕಬೇಕು.

ಬ್ರೇಕ್ ಮೆತ್ತಗಿದೆ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಲಿವರ್ ಸ್ಪಂಜಿನಂತೆ ಅದುಮಿಕೊಂಡು, ನಾಲ್ಕೈದು ಸಲ ಬೇಗಬೇಗ ಒತ್ತಿದರೆ ಗಟ್ಟಿಯಾದರೆ ಒಳಗೆ ಗಾಳಿ ಇದೆ ಎಂದು ತಿಳಿಯಬಹುದು. ಮೊದಲ ಒತ್ತುವಿಕೆ ಮಾತ್ರ ಉದ್ದವಾಗಿದ್ದು, ಎರಡನೆಯದಕ್ಕೆ ಪೂರ್ತಿ ಗಟ್ಟಿಯಾಗಿ, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೆ ಮೊದಲಿನಂತೆಯೇ ಆದರೆ ಡಿಸ್ಕ್ ಸೊಟ್ಟಗಾಗಿರಬಹುದು ಅಥವಾ ಚಕ್ರದ ಬೇರಿಂಗ್ ಸವೆದಿರಬಹುದು, ಏಕೆಂದರೆ ಓಲಾಡುವ ಡಿಸ್ಕ್ ಪ್ರತಿ ಸುತ್ತಿನಲ್ಲೂ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಮೂರನೆಯದು ನಿಮ್ಮದು: ಒಂದೇ ಬಿಗಿಯಲ್ಲಿ ಒಂದು ನಿಮಿಷ ಒತ್ತಿ ಹಿಡಿದರೆ ಲಿವರ್ ಜಾರುತ್ತಲೇ ಇರುತ್ತದೆ. ಇಂಥಲ್ಲಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮುಂದಿರುವ ರಬ್ಬರ್ ಕಪ್ ಒತ್ತಡವನ್ನು ತಡೆಯಲಾರದೆ, ಆಯಿಲ್ ಅದರ ಅಂಚಿನಿಂದ ನುಸುಳಿ ಮೇಲಿರುವ ಆಯಿಲ್ ಡಬ್ಬಿಗೇ ಹಿಂತಿರುಗುತ್ತದೆ. ಆಯಿಲ್ ಎಲ್ಲಿಗೂ ಹೋಗದೆ ಅಲ್ಲಲ್ಲೇ ಸುತ್ತುವುದರಿಂದ ಮಟ್ಟ ಇಳಿಯುವುದಿಲ್ಲ, ನೆಲದ ಮೇಲೆ ಕಲೆಯೂ ಕಾಣುವುದಿಲ್ಲ.

ನನ್ನ ಹಳೆಯ ಬೈಕಿನಲ್ಲಿ ಇದೇ ತೊಂದರೆ ಬಂದಾಗ ನಾನೂ ತಪ್ಪು ತುದಿಯಿಂದಲೇ ಕೆಲಸ ಶುರು ಮಾಡಿದ್ದೆ. ಆರು ವರ್ಷ ಬ್ರೇಕ್ ಆಯಿಲ್ ಬದಲಿಸದೆ ಓಡಿಸಿದ್ದು ನನ್ನದೇ ಅಸಡ್ಡೆ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಹದಿನಾಲ್ಕು ತಿರುವುಗಳ ಘಾಟಿಯನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಮುಂದಿನ ಬ್ರೇಕನ್ನೇ ನಂಬಿ ಇಳಿಯುತ್ತಿದ್ದಾಗ, ಕೆಳಗಿನ ತಿರುವುಗಳ ಹತ್ತಿರ ಲಿವರ್ ಏಕಾಏಕಿ ಸತ್ವವಿಲ್ಲದೆ ಹಿಡಿಗೆ ತಾಗಿತು. ಗೇರ್ ಇಳಿಸಿ, ಹಿಂದಿನ ಬ್ರೇಕಿನಲ್ಲಿ ನಿಲ್ಲಿಸಿ, ಅರ್ಧ ಗಂಟೆ ಕಾದ ಮೇಲೆ ಬ್ರೇಕ್ ತಾನಾಗಿಯೇ ಮರಳಿ ಬಂತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುವ ಗುಣದ್ದು. ಡಾಟ್ 4 ದರ್ಜೆಯ ಬ್ರೇಕ್ ಆಯಿಲಿಗೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕೆಂಬುದು ನಿಯಮ, ಶೇಕಡಾ 3.7ರಷ್ಟು ನೀರು ಸೇರಿದ ಸ್ಥಿತಿಗೆ ಅದೇ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಕುದಿದಾಗ ಏಳುವ ಆವಿ ಗಾಳಿಯಂತೆಯೇ ಅದುಮಿಕೊಳ್ಳುತ್ತದೆ, ತಣಿದರೆ ಮಾಯವಾಗುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಗಾಡಿ ಓಡಿಸುವವರು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದನ್ನು ತಪ್ಪಿಸಬಾರದು.

ಅದಾದ ಮೇಲೆ ಆಯಿಲ್ ಬದಲಿಸಲು ಗಾಡಿಯನ್ನು ಒಂದು ಅಂಗಡಿಗೆ ಬಿಟ್ಟೆ, ನಿಜವಾದ ಹಾನಿ ಆದದ್ದು ಅಲ್ಲಿ. ಏರ್ ತೆಗೆಯುವಾಗ ಹುಡುಗ ಲಿವರನ್ನು ಪ್ರತಿ ಸಲವೂ ಹಿಡಿಗೆ ತಾಗುವವರೆಗೆ ಎಳೆಯುತ್ತಿದ್ದ, ಎಲ್ಲರೂ ಹಾಗೆಯೇ ಎಳೆಯುತ್ತಾರೆ. ಆದರೆ ದಿನನಿತ್ಯದ ಓಡಾಟದಲ್ಲಿ ಪಿಸ್ಟನ್ ಸಿಲಿಂಡರಿನ ಮೊದಲ ಕೆಲವು ಮಿಲಿಮೀಟರುಗಳಲ್ಲಷ್ಟೇ ಚಲಿಸುತ್ತಿರುತ್ತದೆ; ಅದರಾಚೆಯ ಭಾಗದಲ್ಲಿ ವರ್ಷಗಟ್ಟಲೆಯ ಕೆಸರು ಮತ್ತು ತುಕ್ಕಿನ ಬಿಳಿಪುಡಿ ಕೂತಿರುತ್ತದೆ. ಲಿವರ್ ಪೂರ್ತಿ ಎಳೆದಾಗ ಹಳೆಯ ರಬ್ಬರ್ ಕಪ್ ಆ ಒರಟು ಜಾಗಕ್ಕೆ ಹೋಗಿ ಕೊಯ್ದುಕೊಳ್ಳುತ್ತದೆ. ಏರ್ ತೆಗೆಸಿದ ಮೇಲೆ ಬ್ರೇಕ್ ಮೊದಲಿಗಿಂತ ಕೆಟ್ಟಿತು ಎಂದು ಹಳೆಯ ಗಾಡಿಯವರು ಹೇಳುವಾಗ ಬಹುಪಾಲು ಇದೇ ಆಗಿರುತ್ತದೆ ಎಂಬುದು ನನ್ನ ಅನುಭವ. ಲಿವರ್ ಮತ್ತು ಹಿಡಿಯ ನಡುವೆ ಎರಡು ಬೆರಳು ದಪ್ಪದ ಮರದ ತುಂಡನ್ನಿಟ್ಟುಕೊಂಡು ಒತ್ತಿದ್ದರೆ ಅದು ತಪ್ಪುತ್ತಿತ್ತು.

ಊಹೆಯ ಮೇಲೆ ಮಾಸ್ಟರ್ ಸಿಲಿಂಡರಿನ ರಿಪೇರಿ ಕಿಟ್ ಕೊಳ್ಳುವ ಮೊದಲು ದೋಷ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಮಾಸ್ಟರ್ ಸಿಲಿಂಡರಿನಿಂದ ಪೈಪ್ ಹೊರಡುವಲ್ಲಿ ನಡುವೆ ತೂತಿರುವ ಒಂದು ಬೋಲ್ಟ್ ಇರುತ್ತದೆ, ಅದನ್ನು ಬ್ಯಾಂಜೊ ಬೋಲ್ಟ್ ಎನ್ನುತ್ತಾರೆ. ಅದನ್ನು ಬಿಚ್ಚಿ ಬೋಲ್ಟ್ ಅಂಗಡಿಗೆ ಒಯ್ದು, ಅದೇ ಥ್ರೆಡ್ಡಿನ, ಪೈಪಿನ ತುದಿಯ ದಪ್ಪದಷ್ಟು ಗಿಡ್ಡದಾದ, ತೂತಿಲ್ಲದ ಬೋಲ್ಟನ್ನು ತನ್ನಿ. ಪೈಪನ್ನು ಪಕ್ಕಕ್ಕೆ ಕಟ್ಟಿ, ಆ ಬೋಲ್ಟನ್ನು ತಾಮ್ರದ ವಾಷರಿನೊಂದಿಗೆ ಹಾಕಿ ಸಿಲಿಂಡರಿನ ಬಾಯಿಯನ್ನು ಮುಚ್ಚಿರಿ. ಸುತ್ತ ಬಟ್ಟೆ ಹಿಡಿದು, ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ, ಲಿವರ್ ಮೆಲ್ಲಗೆ ಒತ್ತಿ, ಒತ್ತಿರುವಾಗಲೇ ಬಿಗಿ ಮಾಡಿ, ಹೀಗೆ ನಾಲ್ಕಾರು ಸಲ ಮಾಡಿದರೆ ಒಳಗಿನ ಗಾಳಿ ಹೊರಬೀಳುತ್ತದೆ. ಈಗ ಲಿವರ್ ಸ್ವಲ್ಪ ಚಲಿಸಿದೊಡನೆ ಕಲ್ಲಿನಂತೆ ನಿಲ್ಲಬೇಕು. ನಿಂತರೆ ಮಾಸ್ಟರ್ ಸಿಲಿಂಡರ್ ಆರೋಗ್ಯವಾಗಿದೆ, ದೋಷ ಪೈಪಿನಲ್ಲೋ ಕ್ಯಾಲಿಪರಿನಲ್ಲೋ ಇದೆ. ಆಗಲೂ ಜಾರಿದರೆ ಕ್ಯಾಲಿಪರ್ ನಿರಪರಾಧಿ. ನನ್ನ ಗಾಡಿಯಲ್ಲಿ ಜಾರಿತು. ಬ್ರೇಕ್ ಆಯಿಲ್ ಬಣ್ಣವನ್ನು ಎಬ್ಬಿಸಿಬಿಡುತ್ತದೆ, ಆದ್ದರಿಂದ ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸಿಯೇ ಈ ಕೆಲಸಕ್ಕೆ ಕೈ ಹಾಕಿ. ಹನಿ ಬಿದ್ದರೆ ಒರೆಸುತ್ತ ಕೂರದೆ ನೀರು ಸುರಿಯಿರಿ.

ಮಾಸ್ಟರ್ ಸಿಲಿಂಡರ್ ಬಿಚ್ಚುವುದು ಕಷ್ಟವಲ್ಲ, ಲಿವರ್ ತೆಗೆದ ಮೇಲೆ ಕಾಣುವ ರಬ್ಬರ್ ಟೋಪಿಯ ಹಿಂದೆ ಪಿಸ್ಟನ್ನನ್ನು ಹಿಡಿದಿಟ್ಟಿರುವ ಸರ್ಕ್ಲಿಪ್ ಎಂಬ ಉಂಗುರವನ್ನು ತೆಗೆಯಲು ಉದ್ದ ಮೂತಿಯ ಸರ್ಕ್ಲಿಪ್ ಪ್ಲೈಯರ್ ಒಂದು ಬೇಕು. ನಾನು ಹೊರತೆಗೆದ ಕಪ್ ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಬಿಸಿಲಿಗೆ ಹಿಡಿದು ಬೆರಳಲ್ಲಿ ತಿರುಗಿಸಿದಾಗಲಷ್ಟೇ ಅಂಚಿನಲ್ಲಿ ಉಗುರಿನ ಗಾಯದಷ್ಟು ಸಣ್ಣ ಸೀಳು ಕಂಡಿತು. ಸಿಲಿಂಡರಿನ ಒಳಮೈಯನ್ನು ಉಗುರಿನಿಂದ ಸವರಿ ನೋಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಮಾಸ್ಟರ್ ಸಿಲಿಂಡರನ್ನೇ ಬದಲಿಸಬೇಕು, ಸ್ಯಾಂಡ್ ಪೇಪರಿನಿಂದ ಉಜ್ಜಿ ಸರಿಮಾಡುತ್ತೇನೆ ಎನ್ನುವವರ ಮಾತು ಕೇಳಬೇಡಿ. ಒಳಮೈ ನುಣುಪಾಗಿದ್ದರೆ ಪಿಸ್ಟನ್, ಸ್ಪ್ರಿಂಗ್, ಕಪ್ ಎಲ್ಲವೂ ಇರುವ ಕಿಟ್ ಸಾಕು. ಆಯಿಲ್ ಡಬ್ಬಿಯ ತಳದಲ್ಲಿ ಎರಡು ತೂತುಗಳಿರುತ್ತವೆ, ಒಂದು ದೊಡ್ಡದು, ಇನ್ನೊಂದು ಕೂದಲೆಳೆಯಷ್ಟು. ಆ ಸಣ್ಣ ತೂತು ಕಟ್ಟಿಕೊಂಡಿದ್ದರೆ ಮೇಲ್ಭಾಗದ ಗಾಳಿ ಡಬ್ಬಿಗೆ ಬರಲು ದಾರಿಯಿಲ್ಲ, ಬ್ರೇಕ್ ಹಿಡಿದದ್ದು ಪೂರ್ತಿ ಬಿಡುವುದೂ ಇಲ್ಲ. ಕರೆಂಟಿನ ವೈರಿನ ಒಂದೇ ಒಂದು ತಾಮ್ರದ ಎಳೆಯನ್ನು ತೂರಿಸಿ ಅದನ್ನು ಬಿಡಿಸಿ. ಬಿಡಿಭಾಗಗಳನ್ನು ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆಯುವುದು ನಮ್ಮಲ್ಲಿ ರೂಢಿ, ಆದರೆ ಆ ರಬ್ಬರ್ ಅದರಲ್ಲಿ ಉಬ್ಬಿಕೊಳ್ಳುತ್ತದೆ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆದು, ಅದನ್ನೇ ಸವರಿ, ಕಪ್ಪಿನ ಅಗಲ ಬಾಯಿ ಸ್ಪ್ರಿಂಗಿನ ಕಡೆಗಿರುವಂತೆ ಕೂರಿಸಿ.

ಹ್ಯಾಂಡಲ್ ಮೇಲಿನ ಡಬ್ಬಿಯ ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದೇ ಆಯಿಲ್ ಹಾಕಿ, ಅದೂ ಸೀಲ್ ಒಡೆಯದ ಬಾಟಲಿಯದ್ದು. ಡಾಟ್ 5 ಎಂಬ ಸಿಲಿಕೋನ್ ಆಯಿಲ್ ಇದರ ಜೊತೆ ಬೆರೆಯುವುದಿಲ್ಲ. ಖಾಲಿಯಾದ ಪೈಪನ್ನು ಮೇಲಿನಿಂದ ತುಂಬಿಸಲು ಹೊರಟರೆ ಗಂಟೆಗಟ್ಟಲೆ ಹಿಡಿಯುತ್ತದೆ, ಏಕೆಂದರೆ ನಾವು ಆಯಿಲನ್ನು ಕೆಳಗೆ ತಳ್ಳುತ್ತಿದ್ದರೆ ಗಾಳಿ ಮೇಲಕ್ಕೇ ಏರಲು ನೋಡುತ್ತಿರುತ್ತದೆ. ಔಷಧಿ ಅಂಗಡಿಯಲ್ಲಿ 50 ಮಿಲಿಲೀಟರಿನ ಸಿರಿಂಜ್ ಕೊಂಡು, ಪಾರದರ್ಶಕ ನಳಿಗೆ ಜೋಡಿಸಿ, ನಳಿಗೆಯಲ್ಲಿ ಗಾಳಿ ಉಳಿಯದಂತೆ ಆಯಿಲ್ ತುಂಬಿ, ಕ್ಯಾಲಿಪರಿನಲ್ಲಿ ಏರ್ ತೆಗೆಯಲೆಂದೇ ಇರುವ ನಿಪ್ಪಲ್ಲಿಗೆ ಸಿಕ್ಕಿಸಿ, ನಿಪ್ಪಲ್ಲನ್ನು ಅರ್ಧ ಸುತ್ತು ಸಡಿಲಿಸಿ ಮೆಲ್ಲಗೆ ಒತ್ತಿರಿ. ಗುಳ್ಳೆಗಳು ಮೇಲಿನ ಡಬ್ಬಿಯಲ್ಲಿ ಏಳುವುದು ಕಾಣುತ್ತದೆ, ಡಬ್ಬಿ ತುಂಬಿ ಹರಿಯದಂತೆ ಇನ್ನೊಬ್ಬರು ಮೇಲೆ ನೋಡುತ್ತಿರಲಿ. ಗಾಡಿಯನ್ನು ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಬ್ಯಾಂಜೊ ಬೋಲ್ಟಿನ ತುದಿ ತಗ್ಗಾಗಿ, ಅಲ್ಲಿ ಅಡಗಿದ ಗುಳ್ಳೆಯೂ ಡಬ್ಬಿಯ ಕಡೆಗೆ ಸರಿಯುತ್ತದೆ. ಎರಡೂ ತುದಿಗಳ ತಾಮ್ರದ ವಾಷರುಗಳು ಹೊಸವೇ ಇರಲಿ.

ಬೋಲ್ಟಿನ ಪರೀಕ್ಷೆಯಲ್ಲಿ ನಿಮ್ಮ ಮಾಸ್ಟರ್ ಸಿಲಿಂಡರ್ ಗಟ್ಟಿಯಾಗಿ ನಿಂತರೆ ನನ್ನ ಅಂದಾಜು ತಪ್ಪಾಯಿತೆಂದು ಕೆಳಗೆ ಹುಡುಕಬೇಕು. ಆಗಲೂ ಕ್ಯಾಲಿಪರ್ ಬದಲಿಸುವ ಮೊದಲು, ಅದು ಜಾರಿ ಓಡಾಡಬೇಕಾದ ಪಿನ್ನುಗಳು ತುಕ್ಕು ಹಿಡಿದು ನಿಂತಿವೆಯೇ ನೋಡಿ. ನಿಂತಿದ್ದರೆ ಲಿವರಿನ ಶಕ್ತಿಯೆಲ್ಲ ಡಿಸ್ಕನ್ನು ಬಾಗಿಸುವುದಕ್ಕೇ ಖರ್ಚಾಗಿ ಕೈಗೆ ಮೆತ್ತಗೆ ಅನ್ನಿಸುತ್ತದೆ. ಪಿನ್ನುಗಳನ್ನು ತೊಳೆದು ಸಿಲಿಕೋನ್ ಗ್ರೀಸ್ ಹಚ್ಚಿದರೆ ಮುಗಿಯಿತು. ಒಬ್ಬರು ಲಿವರ್ ಒತ್ತುವಾಗ ಇನ್ನೊಬ್ಬರು ರಬ್ಬರ್ ಪೈಪನ್ನು ಬೆರಳುಗಳ ನಡುವೆ ಹಿಡಿದಿರಲಿ, ಅದು ಉಬ್ಬುವುದು ಕೈಗೆ ತಿಳಿದರೆ ಪೈಪ್ ಬದಲಿಸಿ. 2008ರಲ್ಲಿ ಗಾಡಿಯ ಜೊತೆಗೆ ಬಂದ ಪೈಪೇ ಇನ್ನೂ ಇದ್ದರೆ ಉಬ್ಬದಿದ್ದರೂ ಬದಲಿಸುವುದು ಲೇಸು.

ಎಲ್ಲ ಜೋಡಿಸಿದ ಮೇಲೆ ಲಿವರನ್ನು ಹಿಡಿಗೆ ಬಿಗಿಯಾಗಿ ದಾರದಿಂದ ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ದಾರ ಸಡಿಲವಾಗಿಲ್ಲದೆ, ಬ್ಯಾಂಜೊ ಬೋಲ್ಟುಗಳ ಸುತ್ತ ಸುತ್ತಿದ ಕಾಗದ ಒಣಗಿಯೇ ಇದ್ದರೆ, ಎಂಜಿನ್ ಹಚ್ಚದೆ ಗಾಡಿಯನ್ನು ಅಂಗಳದಲ್ಲಿ ತಳ್ಳುತ್ತ ಹತ್ತು ಸಲ ಬ್ರೇಕ್ ಹಿಡಿದು ನೋಡಿ, ಆಮೇಲೆ ರಸ್ತೆಗಿಳಿಯಿರಿ.