ಹೊಸ ಬಾಲ್ ಪೈಥಾನ್‌ಗೆ ಎರಡು ವಾರ ಸಾಲದು: ಜೋಡಿ ಬಿಡುವ ಮೊದಲು

ನಮಸ್ಕಾರ ಸಾರ್. ನಿಮ್ಮ ಪ್ರಶ್ನೆ ನೋಡಿದೆ. ಟೆಕ್ಸಸ್‌ನ ಒಂದು ರೆಪ್ಟೈಲ್ ಎಕ್ಸ್‌ಪೋದಲ್ಲಿ ದೊಡ್ಡ ಹೆಣ್ಣು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು) ತಂದಿದ್ದೀರಿ. ಮನೆಯಲ್ಲಿ ಆಗಲೇ ಒಂದು ಗಂಡು, ಎರಡು ಹೆಣ್ಣು ಇವೆ. ಹೊಸದನ್ನು ಅದೇ ರೂಮಿನಲ್ಲಿ ಬೇರೆ ಟಬ್‌ನಲ್ಲಿಟ್ಟು ಎರಡು ವಾರ ಆಯಿತು, ಚೆನ್ನಾಗಿ ತಿನ್ನುತ್ತಿದೆ, ನವೆಂಬರಿನಲ್ಲಿ ಗಂಡಿನ ಜೊತೆ ಬಿಡಬಹುದಾ ಅಂತ ಕೇಳಿದ್ದೀರಿ. ಬೇಡ ಸಾರ್. ಈ ಸೀಸನ್ ಬಿಟ್ಟುಬಿಡಿ.

ಯಾಕೆ ಅಂದರೆ, ನಮ್ಮಂಥ ಸಣ್ಣ ಬ್ರೀಡರ್‌ಗಳ ಮನೆಯಲ್ಲಿ ರೋಗ ಊರೆಲ್ಲ ಸುತ್ತುವುದು ಗಂಡಿನ ಜೊತೆ. ಒಂದೇ ಗಂಡನ್ನು ಇವತ್ತು ಈ ಟಬ್‌ಗೆ, ಮುಂದಿನ ವಾರ ಆ ಟಬ್‌ಗೆ ಬಿಡುತ್ತೇವೆ. ಹೊಸ ಹೆಣ್ಣಿಗೆ ಏನಾದರೂ ಇದ್ದರೆ ಮಾರ್ಚ್ ಹೊತ್ತಿಗೆ ನಾಲ್ಕಕ್ಕೂ ಬಂದಿರುತ್ತದೆ. ಇನ್ನೊಂದು ತೊಂದರೆ ಇದೆ. ಚಳಿಗಾಲದಲ್ಲಿ ಜೋಡಿಯಾಗುವ ಹೊತ್ತಿಗೆ ಬಾಲ್ ಪೈಥಾನ್‌ಗಳು ಊಟ ಬಿಡುವುದು ಮಾಮೂಲು. ಆಗ ಹೊಸ ಹಾವು ಇಲಿ ಬೇಡ ಅಂದರೆ ಅದು ಸೀಸನ್ನಿಗಾ, ಕಾಯಿಲೆಗಾ? ಹೇಳಲು ಆಗಲ್ಲ. ಕ್ವಾರಂಟೈನ್‌ನಲ್ಲಿ ನಾವು ಕಾಯುವ ಮುಖ್ಯ ಲಕ್ಷಣವೇ ಹೀಗೆ ಕೈ ತಪ್ಪಿಹೋಗುತ್ತದೆ.

"ಚೆನ್ನಾಗಿ ತಿನ್ನುತ್ತೆ, ಆರೋಗ್ಯವಾಗಿದೆ" ಅಂತ ಮಾರಿದವರು ಹೇಳಿದ್ದು ನಿಜವೇ ಇರಬಹುದು. ಆದರೆ ಹೆಬ್ಬಾವುಗಳ ಮಟ್ಟಿಗೆ ನಾನು ಅತಿ ಹೆಚ್ಚು ಹೆದರುವುದು ನಿಡೋವೈರಸ್‌ಗೆ. ಈಗ ಸರ್ಪೆಂಟೋವೈರಸ್ ಅಂತಲೂ ಕರೆಯುತ್ತಾರೆ. 2014ರಲ್ಲಿ ಬಾಲ್ ಪೈಥಾನ್‌ಗಳಲ್ಲಿ ಇದನ್ನು ಗುರುತಿಸಿದರು. ಬಾಯಲ್ಲಿ ಲೋಳೆ, ಉಸಿರಾಡುವಾಗ ಗೊರಗೊರ ಸದ್ದು, ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುವುದು, ಇವು ಲಕ್ಷಣಗಳು. ಕಷ್ಟ ಏನೆಂದರೆ ಕೆಲವು ಹಾವುಗಳು ಯಾವ ಲಕ್ಷಣವೂ ಇಲ್ಲದೆ ಬಹಳ ಕಾಲ ವೈರಸ್ ಹೊತ್ತುಕೊಂಡು ತಿಂದುಂಡು ಚೆನ್ನಾಗಿಯೇ ಇರುತ್ತವೆ. ಇದಕ್ಕೆ ಔಷಧ ಇಲ್ಲ. ಆಂಟಿಬಯಾಟಿಕ್ ಕೊಟ್ಟರೆ ಜೊತೆಗೆ ಸೇರಿಕೊಂಡ ಬ್ಯಾಕ್ಟೀರಿಯಾ ಹೋಗಿ ಸ್ವಲ್ಪ ದಿನ ಚೇತರಿಸಿಕೊಂಡಂತೆ ಕಾಣಬಹುದು. ವೈರಸ್ ಹೋಗಲ್ಲ.

ಹಾಗಾಗಿ ಕಣ್ಣಿನ ಲೆಕ್ಕ ಸಾಕಾಗಲ್ಲ, ಪಿಸಿಆರ್ ಪರೀಕ್ಷೆ ಬೇಕು. ಬಾಯಿಯಿಂದ ಸ್ವಾಬ್ ತೆಗೆದು ಕಳಿಸಿದರೆ ಆಯಿತು. ಸರೀಸೃಪ ನೋಡುವ ಪಶುವೈದ್ಯರು ಮಾಡಿಕೊಡುತ್ತಾರೆ. ಸರೀಸೃಪ ವೈದ್ಯರ ಸಂಘವಾದ ಎಆರ್‌ಎವಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಹತ್ತಿರದವರನ್ನು ಹುಡುಕಬಹುದು. ಬಂದ ಕೂಡಲೇ ಒಂದು ಸಲ, ಕ್ವಾರಂಟೈನ್ ಮುಗಿಸುವ ಮೊದಲು ಇನ್ನೊಂದು ಸಲ ಮಾಡಿಸಿ. ಮೊದಲ ಸಲ ನೆಗೆಟಿವ್ ಬಂದರೂ ಸೋಂಕು ಆಗಷ್ಟೇ ತಗುಲಿರಬಹುದು, ಅಲ್ವಾ? ಹಳೆಯ ಮೂರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಹೊಸದನ್ನೇ ಅನುಮಾನಿಸುತ್ತಾ ಕೂತು, ವೈರಸ್ ಮೊದಲಿನಿಂದ ಮನೆಯಲ್ಲೇ ಇದ್ದರೆ ಏನು ಮಾಡುತ್ತೀರಿ? ದುಡ್ಡು ಖರ್ಚಾಗುತ್ತದೆ, ಒಪ್ಪುತ್ತೇನೆ. ಮರಿ ಮಾರುವ ಯೋಚನೆ ಇರುವವರು ಈ ಖರ್ಚನ್ನು ಹಾವಿನ ಬೆಲೆಯಲ್ಲೇ ಸೇರಿಸಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಷ್ಟು ದಿನ? ಹೆಚ್ಚಿನವರು ಹೇಳುವುದು ಕನಿಷ್ಠ 90 ದಿನ. ಬ್ರೀಡಿಂಗ್‌ಗೆ ಬಿಡುವ ಹೆಬ್ಬಾವಾದರೆ ನಾನು ಆರು ತಿಂಗಳು ಅನ್ನುತ್ತೇನೆ.

ಈಗ ರೂಮಿನ ವಿಷಯ. ಅದೇ ರೂಮಿನಲ್ಲಿ ಬೇರೆ ಟಬ್ ಇಟ್ಟರೆ ಅದು ಕ್ವಾರಂಟೈನ್ ಆಗಲ್ಲ. ಇವತ್ತೇ ಬೇರೆ ಕೋಣೆಗೆ ಸಾಗಿಸಿ, ಹಳೆಯವುಗಳಿಂದ ಆದಷ್ಟು ದೂರ. ನೀರಿನ ಬಟ್ಟಲು, ಇಕ್ಕಳ, ಹುಕ್, ಕಸದ ಚೀಲ ಎಲ್ಲ ಅದಕ್ಕೇ ಪ್ರತ್ಯೇಕ. ದಿನದ ಕೆಲಸದಲ್ಲಿ ಹಳೆಯವು ಮೊದಲು, ಹೊಸದು ಕೊನೆಗೆ. ಅದಾದ ಮೇಲೆ ಕೈ ತೊಳೆದು, ಬಟ್ಟೆ ಬದಲಾಯಿಸಿ, ಆ ದಿನ ಮತ್ತೆ ಹಳೆಯವುಗಳ ಹತ್ತಿರ ಹೋಗಬೇಡಿ. ಈ ಒಂದು ಕ್ರಮ ಯಾವ ದುಬಾರಿ ಕೆಮಿಕಲ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಹೊಸದು ಎಕ್ಸ್‌ಪೋ ಬಿಟ್ಟು ಬಂದ ಒತ್ತಡದಲ್ಲಿರುತ್ತದೆ, ಹಾಗಾಗಿ ಬಿಸಿ ಕಡೆ 31–32 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 26ರ ಆಸುಪಾಸು, ತೇವಾಂಶ ಸುಮಾರು 60 ಶೇಕಡಾ ಇರಲಿ. ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ ಹಾಕಬೇಡಿ. ಟಬ್ ತಣ್ಣಗಾದರೆ ವೈರಸ್ ಇಲ್ಲದೆಯೂ ಶ್ವಾಸಕೋಶಕ್ಕೆ ಸೋಂಕು ಹಿಡಿಯಬಹುದು.

ಫೋಟೋದಲ್ಲಿ ತೆಂಗಿನ ನಾರಿನ ಹಾಸು ಕಾಣುತ್ತಿದೆ. ಅದನ್ನು ತೆಗೆದು ಬಿಳಿ ಪೇಪರ್ ಟವಲ್ ಹಾಸಿ. ಹಿಕ್ಕೆ, ಕಕ್ಕಿದ್ದು, ಲೋಳೆ ಎಲ್ಲ ಅದರ ಮೇಲೆ ಕಾಣುತ್ತದೆ. ಮುಖ್ಯವಾಗಿ ನುಸಿ ಕಾಣುತ್ತದೆ. ಹಾವಿನ ನುಸಿ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕಿ. ಕಣ್ಣಿನ ಸುತ್ತ, ಗದ್ದದ ಕೆಳಗಿನ ಮಡಿಕೆಯಲ್ಲಿ ನೋಡಿ. ಹಾವು ಇಡೀ ದಿನ ನೀರಿನ ಬಟ್ಟಲಲ್ಲೇ ಕೂತಿದ್ದರೆ, ಅಥವಾ ನೀರಿನ ತಳದಲ್ಲಿ ಕಪ್ಪು ಪುಡಿ ಕಂಡರೆ, ಅನುಮಾನ ಪಡಿ. ನುಸಿ ಮೊಟ್ಟೆ ಇಡುವುದು ಹಾವಿನ ಮೈ ಮೇಲಲ್ಲ, ಟಬ್ಬಿನ ಸಂದಿಯಲ್ಲಿ. ಅದಕ್ಕೇ ಒಂದು ಸಲ ಔಷಧ ಹೊಡೆದು ಬಿಟ್ಟರೆ ಎರಡು ಮೂರು ವಾರದಲ್ಲಿ ಮತ್ತೆ ಬರುತ್ತವೆ. ಔಷಧ, ಪ್ರಮಾಣ ವೈದ್ಯರನ್ನು ಕೇಳಿ. ನಾಯಿ ಬೆಕ್ಕಿನ ಔಷಧವನ್ನು ಅಂದಾಜಿನ ಮೇಲೆ ಹಾಕಬೇಡಿ.

ವಾರಕ್ಕೊಮ್ಮೆ ಗ್ರಾಂ ತಕ್ಕಡಿಯಲ್ಲಿ ತೂಕ ಬರೆದಿಡಿ. ತಿಂದಿದ್ದು, ಹಿಕ್ಕೆ ಹಾಕಿದ್ದು, ಪೊರೆ ಬಿಟ್ಟ ದಿನವೂ ಇರಲಿ. ತಿಂದದ್ದನ್ನು ಮತ್ತೆ ಮತ್ತೆ ಕಕ್ಕುತ್ತಾ, ಮೈಯ ಮಧ್ಯಭಾಗ ಊದಿಕೊಂಡರೆ ಕ್ರಿಪ್ಟೊಸ್ಪೊರಿಡಿಯಂ (ಕ್ರಿಪ್ಟೊ) ಅನ್ನುವ ಹೊಟ್ಟೆಯ ಪರಾವಲಂಬಿ ಇರಬಹುದು. ಇದಕ್ಕೂ ನಂಬಬಹುದಾದ ಚಿಕಿತ್ಸೆ ಇಲ್ಲ. ಪರಾವಲಂಬಿ ಹಿಕ್ಕೆಯಲ್ಲಿ ಬಿಟ್ಟು ಬಿಟ್ಟು ಬರುವುದರಿಂದ ಒಂದೇ ಪರೀಕ್ಷೆ ನಂಬಬೇಡಿ. ಮಾಮೂಲಿ ಸ್ವಚ್ಛತೆಗೆ ಮೊದಲು ಸೋಪು ಹಾಕಿ ಉಜ್ಜಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು ತೊಳೆದು ಒಣಗಿಸಿದರೆ ಸಾಕು. ಆದರೆ ಕ್ರಿಪ್ಟೊಗೆ ಬ್ಲೀಚ್ ನಾಟುವುದಿಲ್ಲ. ಅಂಥ ಹಾವಿನ ಟಬ್ಬು, ಬಟ್ಟಲು ಎಸೆದುಬಿಡುವುದೇ ಒಳ್ಳೆಯದು. ಅಮೋನಿಯ ಬಳಸುವವರಿದ್ದಾರೆ; ಅದನ್ನು ಬ್ಲೀಚ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಬರುತ್ತದೆ.

ಮನೆಯಲ್ಲಿ ಬೋವಾ (ಹೆಬ್ಬಾವಿನಂಥದ್ದೇ ಬೇರೆ ಗುಂಪಿನ ಹಾವು) ಇಲ್ಲ ಅಂದಿರಿ, ಒಳ್ಳೆಯದು. ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್) ಅನ್ನುವ ಕಾಯಿಲೆಯ ವೈರಸ್ಸನ್ನು ಬೋವಾಗಳು ಸುಮ್ನೆ ವರ್ಷಗಟ್ಟಲೆ ಹೊತ್ತಿರಬಲ್ಲವು. ಹೆಬ್ಬಾವಿಗೆ ತಗುಲಿದರೆ ಬೇಗ ನರಮಂಡಲಕ್ಕೆ ಹೋಗುತ್ತದೆ, ತಲೆ ತಿರುಚಿ ಆಕಾಶ ನೋಡುತ್ತಾ ನಿಲ್ಲುತ್ತವೆ. ಇದೇ ಕಾರಣಕ್ಕೂ ಸ್ಪೈಡರ್ ಮಾರ್ಫ್ (ಬಾಲ್ ಪೈಥಾನ್‌ನ ಒಂದು ಬಣ್ಣದ ತಳಿ) ಬ್ರೀಡ್ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಆ ಜೀನ್ ಇದ್ದರೆ ತಲೆ ಓಲಾಡುವ ದೋಷ ಹುಟ್ಟಿನಿಂದಲೇ ಇರುತ್ತದೆ. ಪ್ರಾಣಿಗೆ ಅದು ಹಿಂಸೆ, ಮೇಲಾಗಿ ನಿಜವಾದ ನರರೋಗ ಬಂದರೆ ಗೊತ್ತೇ ಆಗಲ್ಲ.

ನಿಮ್ಮ ಮಗುವಿಗೆ ಮೂರು ವರ್ಷ ಅಂದಿರಿ. ಭೇದಿ, ಜ್ವರ ತರಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಹಾವಿನ ಹಿಕ್ಕೆಯಲ್ಲೂ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡ ಅಂತಲೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ನಿಮ್ಮಲ್ಲಿ ಈಗಾಗಲೇ ಇವೆ, ಹಾಗಾಗಿ ಹಾವಿನ ಕೋಣೆಗೆ ಬೀಗ ಇರಲಿ, ಮಗು ಮುಟ್ಟುವುದು ಬೇಡ, ಅಡುಗೆಮನೆಯ ಸಿಂಕ್‌ನಲ್ಲಿ ಬಟ್ಟಲು ತೊಳೆಯುವುದು ಬೇಡ. ಫ್ರೋಜನ್ ಇಲಿಗಳಲ್ಲೂ ಸಾಲ್ಮೊನೆಲ್ಲಾ ಸಾಯುವುದಿಲ್ಲ. ಅವಕ್ಕೆ ಬೇರೆ ಫ್ರೀಜರ್ ಇಡಿ, ಮೈಕ್ರೋವೇವ್‌ನಲ್ಲಿ ಕರಗಿಸಬೇಡಿ.

ಭಾರತದಿಂದ ಇದನ್ನು ಓದುವವರಿಗೆ ಒಂದು ಮಾತು: ಕೇರೆ, ನಾಗರ, ಇಮ್ಮಂಡೆ ಹಾವು, ಹೆಬ್ಬಾವು, ನಮ್ಮ ಕಾಡಿನ ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿದ್ದರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು.

ಕ್ವಾರಂಟೈನ್‌ನಲ್ಲಿ ಹಾವು ಸತ್ತರೆ ಫ್ರೀಜರ್‌ಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಅಂಗಾಂಶ ಹಾಳಾಗುತ್ತದೆ. ಚೀಲದಲ್ಲಿ ಸುತ್ತಿ ಊಟ ಇಡದ ಫ್ರಿಜ್ಜಿನಲ್ಲಿಟ್ಟು ಆದಷ್ಟು ಬೇಗ ಶವಪರೀಕ್ಷೆಗೆ ಕೊಡಿ. ಪಾಸಿಟಿವ್ ಬಂದರೆ ಮಾರಿದವರಿಗೆ ನೇರವಾಗಿ ತಿಳಿಸಿ, ಆ ಹಾವನ್ನು ಯಾರಿಗೂ ದಾಟಿಸಬೇಡಿ.

ಈ ವಾರ ಕೋಣೆ ಬದಲಿಸಿ, ವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ತೂಕ ಮತ್ತು ಸ್ವಾಬ್ ಫಲಿತಾಂಶ ಬಂದ ಮೇಲೆ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.