ಮಳೆ ಬಂದ್ರೆ ಹಕ್ಕಿ ಸಿಗಲ್ವಾ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಹೆಬ್ಬಾತು ನೋಡಲು ಬೈಕಿನಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿದ್ದೆವು. ಊರು ಬಿಡುವಾಗ ಚುಕ್ಕಿ ಕಾಣುತ್ತಿದ್ದವು, ಕೆರೆ ಮುಟ್ಟುವಷ್ಟರಲ್ಲಿ ಮೋಡ, ಆಮೇಲೆ ಜಿಟಿಜಿಟಿ ಮಳೆ. ಬೈನಾಕ್ಯುಲರ್ ಗಾಜು ಮಂಜಾಯಿತು. ಹೆಬ್ಬಾತು ನಾಲ್ಕೈದು ಕಂಡವು, ಅಷ್ಟೆ. ಬೇಜಾರಾಗಿ ಎಂಟಕ್ಕೇ ಹೊರಟೆವು. ಇಂಥ ಹವೆಯಲ್ಲಿ ಹೋಗಲೇಬಾರದಾ?
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಅಯ್ಯೋ, ಎಂಟಕ್ಕೇ ಹೊರಟುಬಿಟ್ರಾ! ಸುಮ್ನೆ ಮಳೆಯನ್ನು ಬೈಯಬೇಡಿ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆಯ ಈ ಹೆಬ್ಬಾತುಗಳು ಹಿಮಾಲಯ ದಾಟಿ ಬರುವುದು ಮಾಗಡಿ ಕೆರೆಯ ನೀರಿಗಾಗಿ ಮಾತ್ರ ಅಲ್ಲ, ಸುತ್ತಲಿನ ಹೊಲಗಳಿಗಾಗಿಯೂ. ಸಂಜೆ ಹೊತ್ತು ಎದ್ದು ಕಡಲೆ, ಶೇಂಗಾ ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ಗುಂಪು ಗುಂಪಾಗಿ ಕೆರೆಗೆ ಮರಳುತ್ತವೆ, ಹಗಲೆಲ್ಲ ಅಲ್ಲೇ. ನೀವು ಹೊರಟ ಹೊತ್ತಿಗೆ ಅವು ಇನ್ನೂ ದಾರಿಯಲ್ಲಿದ್ದಿರಬೇಕು.

ಅಂದಿನ ಮಳೆಗಿಂತ ಹಿಂದಿನ ತಿಂಗಳುಗಳ ಮಳೆ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಕೆರೆ ತುಂಬಿ ತುಳುಕಿದ್ರೆ ನಮಗೆ ಖುಷಿ, ಆದರೆ ಗದ್ದೆಗೊರವ, ಮೆಟ್ಟುಗಾಲು ಹಕ್ಕಿಗಳಿಗೆ ಬೇಕಾದದ್ದು ಕಾಲು ಮುಳುಗುವಷ್ಟೇ ನೀರು ಮತ್ತು ಹುಳ ಸಿಗುವ ಕೆಸರು, ಅದು ಮುಳುಗಿದ ಮೇಲೆ ಅವು ನಿಲ್ಲುವುದಾದ್ರೂ ಎಲ್ಲಿ? ಅದೂ ಅಲ್ಲದೆ ಒಳ್ಳೆ ಮಳೆಯಾದ ವರ್ಷ ಪ್ರತಿ ಹೊಂಡದಲ್ಲೂ ನೀರು, ಹಕ್ಕಿ ಚದುರಿಹೋಗುತ್ತವೆ. ಹಾಗಾಗಿ ಬೇಸಿಗೆ ಹತ್ತಿರವಾಗಿ ದಂಡೆ ಬಯಲಾಗುವ ಫೆಬ್ರುವರಿಯಲ್ಲಿ ಇನ್ನೊಮ್ಮೆ ಹೋಗಿ ನೋಡಿ.

ರಂಗನತಿಟ್ಟಿನ ಲೆಕ್ಕ ಬೇರೆ. ಅಲ್ಲಿ ಆಕಾಶ ನೋಡಿದ್ರೆ ಸಾಲದು, ಕೆಆರ್‌ಎಸ್‌ನಿಂದ ಎಷ್ಟು ನೀರು ಬಿಟ್ಟಿದ್ದಾರೆ ಅಂತ ಕೇಳಬೇಕು. ಶ್ರೀರಂಗಪಟ್ಟಣದಲ್ಲಿ ಹನಿ ಬೀಳದಿದ್ರೂ ಕೊಡಗಿನಲ್ಲಿ ಸುರಿದ್ರೆ ಇಲ್ಲಿ ದೋಣಿ ನಿಲ್ಲುತ್ತದೆ, ತಗ್ಗಿನ ಗೂಡುಗಳೂ ಕೊಚ್ಚಿಹೋಗುತ್ತವೆ.

ಇನ್ನು ಸಣ್ಣ ಮಳೆ ಬಂದ್ರೆ ಓಡಬೇಡಿ. ಮಳೆ ನಿಂತ ಮೇಲಿನ ಅರ್ಧ ಗಂಟೆ ನನಗಂತೂ ಬಲು ಇಷ್ಟ, ನೀರುಕಾಗೆಗಳು ಬೊಡ್ಡೆ ಮೇಲೆ ಕೂತು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿರುತ್ತವೆ. ಮಂಜಾದ ಗಾಜನ್ನು ಅಂಗಿ ಚುಂಗಿನಿಂದ ಒರೆಸಬೇಡಿ, ದೂಳಿದ್ರೆ ಗೀರು ಬೀಳುತ್ತದೆ, ಸ್ವಲ್ಪ ಹೊತ್ತು ಹಾಗೇ ಗಾಳಿಗೆ ಬಿಡಿ. ಮಂಜು ಒಳಗೇ ಹಿಡಿದಿದ್ರೆ ರಿಪೇರಿಗೆ ಕೊಡಲೇಬೇಕು.

ಹಾಂ, ಬೈಕನ್ನು ಡಾಂಬರು ರಸ್ತೆಯಲ್ಲೇ ಬಿಡಿ. ನೆನೆದ ಎರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡ್ರೆ ಕಡ್ಡಿ ಹಿಡಿದು ಕೆರೆಯುತ್ತಾ ಕೂರಬೇಕಾಗುತ್ತದೆ. ಕೂತಿದ್ದೇನೆ, ಅದಕ್ಕೇ ಹೇಳಿದೆ.